ನಾಲ್ಕು ಅಂಗಡಿ, ಒಂದೇ ಸಹಿ

ಹುಬ್ಬಳ್ಳಿಯಿಂದ ಬೆಳಿಗ್ಗೆ ಹತ್ತರ ಬಸ್ಸು ಹಿಡಿದೆ. ಹೆಂಗಸರಿಗೆ ಸೊನ್ನೆ ರೂಪಾಯಿ ಟಿಕೆಟ್. ಸೀಟು ಸಿಕ್ಕಿದ್ದು ಮಾತ್ರ ನವಲಗುಂದ ಹತ್ತಿರ ಬಂದಾಗ. ಅಲ್ಲಿಂದ ಮುಂದಕ್ಕೆ ಆ ಹೊತ್ತಿನಲ್ಲಿ ಬಸ್ಸಿಲ್ಲ; ಟೆಂಪೋಗೆ ಮೂವತ್ತು ರೂಪಾಯಿ, ಎರಡೂ ಬದಿ ಎರೆಹೊಲ, ಸುಡುವ ಬಿಸಿಲು. ಇಳಿದ ಊರಿನ ಹೆಸರು ಬರೆಯುವುದಿಲ್ಲ. ನನ್ನ ಕಾನ್ವೆಂಟ್ ಗೆಳತಿ ನಸೀಮಾ ಅಲ್ಲಿಯೇ ಬಾಳಬೇಕು.

ಅವಳ ಮೊಮ್ಮಗಳು ರುಬೀನಾಳಿಗೆ ಅಂದು ಸಂಜೆ ಐದರೊಳಗೆ ಆದಾಯದ ಸರ್ಟಿಫಿಕೇಟ್ ಬೇಕಿತ್ತು. ಇಲ್ಲವಾದರೆ ನರ್ಸಿಂಗ್ ಹಾಸ್ಟೆಲಿನ ಸೀಟು ಹೋದಂತೆ. ಸರ್ಕಾರಿ ಕಚೇರಿಯ ಎದುರು ಅರ್ಜಿ ಹಾಕಿಕೊಡುವ ನಾಲ್ಕು ಖಾಸಗಿ ಅಂಗಡಿಗಳಿದ್ದವು. ಒಂದರಲ್ಲಿ ಎ.ಸಿ., ಇನ್ನೊಂದರಲ್ಲಿ ಪುಕ್ಕಟೆ ಚಹಾ. ನನಗೆ ಖುಷಿಯಾಯಿತು. ಕಾಂಪಿಟಿಷನ್ ಬಂದರೆ ಸರ್ಕಾರ ತಾನಾಗಿ ನೆಟ್ಟಗಾಗುತ್ತದೆ ಎಂದು ಜೀವನವಿಡೀ ವಾದಿಸಿದವಳು ನಾನು.

ರುಬೀನಾ ಹಿಂದಿನ ವಾರವೇ ಎ.ಸಿ. ಅಂಗಡಿಯಲ್ಲಿ ಅರ್ಜಿ ಹಾಕಿದ್ದಳು. ಅದಿನ್ನೂ ಪೆಂಡಿಂಗ್. “ಬಾಜೂ ಅಂಗಡಿಗೆ ಹೋಗೂಣು ಡಿಯರ್, ಚಾಯ್ಸ್ ಅದ ಅಲ್ಲಾ,” ಎಂದೆ. ಅಲ್ಲಿ ಹೊಸ ಅರ್ಜಿ ಹಾಕಿಸಿ ಚಹಾ ಕುಡಿದೆವು. ಲೋಟ ಇಡುವಷ್ಟರಲ್ಲಿ ಪರದೆಯ ಮೇಲೆ ಕೆಂಪಕ್ಷರ: ಒಂದೇ ಹೆಸರಿನಲ್ಲಿ ಎರಡು ಅರ್ಜಿ, ಎರಡಕ್ಕೂ ತಡೆ.

“ಅಂಗಡಿ ನಾಕ್ ಅದಾವ್ರಿ ಅಮ್ಮಾರ, ಸಹಿ ಮಾಡೋ ಸಾಹೇಬ್ರು ಒಬ್ಬರ,” ಎಂದ ಮಾಲೀಕ.

“ಹಂಗಾದ್ರ ಲಗೂ ಮಾಡ್ರಿ ಅಂತ ನೀವು ನಾಕೂ ಮಂದಿ ಹೋಗಿ ಜಗಳಾ ತಗೀರಿ!”

“ಕಚೇರಿ ಲಗೂ ನಡದ್ರ ನಮ್ಮ ಕಡೆ ಯಾರ್ ಬರ್ತಾರ್ರಿ?”

ಹೋಪ್‌ಲೆಸ್! ನಸೀಮಾ ನನ್ನನ್ನೇ ನೋಡಿದಳು. “ಸುಶೀ, ಡಿಬೇಟಿನ್ಯಾಗ ಭಾಳ ಕಪ್ ಗೆದ್ದೀ ಬೇ. ಈಗ ಈಕಿ ಸೀಟ್ ಗೆದ್ದು ಕೊಡು.”

ರುಬೀನಾ ಮೂರನೆಯ ಅಂಗಡಿಯತ್ತ ತಿರುಗಲಿಲ್ಲ. ನೇರ ಕಚೇರಿಗೆ ನಡೆದಳು. ಮೂರು ಗಂಟೆಯಾದರೂ ಸಾಹೇಬರು ಊಟದಿಂದ ಬಂದಿರಲಿಲ್ಲ. ಗುಮಾಸ್ತ ಚಹಾಕ್ಕೆ ಹೊರಟಿದ್ದ. ಅವಳು ಬಾಗಿಲಿಗೆ ಅಡ್ಡಲಾಗಿ ಕೂತಳು. ಪಕ್ಕದಲ್ಲಿ ನಸೀಮಾ, ಮೊಣಕಾಲು ಹಿಡಿದುಕೊಂಡು ನಾನು. ಸಿಸ್ಟರ್ ಕ್ಲಾಸಿನಿಂದ ಹೊರಗೆ ಹಾಕಿದ ದಿನಗಳ ನಂತರ ನಾವಿಬ್ಬರೂ ಹೀಗೆ ನೆಲದ ಮೇಲೆ ಜೊತೆಯಾಗಿ ಕೂತಿರಲಿಲ್ಲ. ನನ್ನ ನಾಲ್ಕರ ಬಸ್ಸು ಹಾರ್ನ್ ಹೊಡೆದು ಹೋಯಿತು.

ಕೊನೆಗೆ ಗುಮಾಸ್ತ ಫೋನ್ ಎತ್ತಿದ: “ಸಾಹೇಬ್ರ, ಜಲ್ದಿ ಬರ್ರಿ. ಮೂರು ಹೆಣ್ಮಕ್ಕಳು ಬಾಗಲಾ ಕಟ್ಟ್ಯಾರ. ಒಬ್ಬಾಕಿ ಇಂಗ್ಲಿಷಿನ್ಯಾಗ ಬೈಲಿಕ್ಕತ್ತಾಳ!”

ನಾಲ್ಕೂವರೆಗೆ ಸಾಹೇಬರು ಬಂದರು. ಒಂದು ಅರ್ಜಿ ತೆಗೆದು ಇನ್ನೊಂದಕ್ಕೆ ಸಹಿ ಹಾಕಲು ಹಿಡಿದದ್ದು ಎರಡೇ ನಿಮಿಷ. ಎರಡು ನಿಮಿಷ! ಐದಕ್ಕೆ ಮೊದಲು ಸರ್ಟಿಫಿಕೇಟ್ ರುಬೀನಾಳ ಕೈಯಲ್ಲಿತ್ತು.

ಮುಂದಿನ ಬಸ್ಸು ಹತ್ತಿ ಕಿಟಕಿಯಿಂದ ತಿರುಗಿ ನೋಡಿದೆ. ಕಚೇರಿಯ ಬಾಗಿಲಲ್ಲಿ, ರುಬೀನಾ ಎದ್ದುಹೋದ ಜಾಗದಲ್ಲಿ ಬೇರೊಬ್ಬ ಹೆಂಗಸು, ಕಾಗದ ಹಿಡಿದು, ಸೆರಗು ಸರಿಮಾಡಿಕೊಂಡು ಕೂರುತ್ತಿದ್ದಳು.