ಶ್ರಾವಣ ಸೋಮವಾರದ ಖೋಖೋ

ಏನೋ ಸರಿಯಿಲ್ಲ ಎಂದು ನನಗೆ ಮೊದಲು ಅನಿಸಿದ್ದು ಖಾರದ ಪೊಟ್ಟಣದಿಂದ. ಸವಣೂರು ನನ್ನ ತವರು. ಅಲ್ಲಿಗೆ ಹೋಗಿ ಬಂದಾಗಲೆಲ್ಲ ನನ್ನ ಖೋಖೋ ಹುಡುಗಿಯರಿಗೆ ಅಲ್ಲಿಯ ಹೆಸರಾದ ಕುರುಕಲು ತಿಂಡಿ ಖಾರ ತರಲೇಬೇಕು, ಇಲ್ಲದಿದ್ದರೆ ಮೈದಾನದಲ್ಲಿ ನನ್ನನ್ನು ಹುರಿದು ಮುಕ್ಕುತ್ತಾರೆ. ಆ ಸೋಮವಾರ ತಾಲ್ಲೂಕು ಮಟ್ಟದ ಪಂದ್ಯಕ್ಕೆಂದು ಶಿಗ್ಗಾವಿಗೆ ಹೊರಟ ಟೆಂಪೋದಲ್ಲಿ ಪೊಟ್ಟಣ ಬಿಚ್ಚಿ ಅವರ ನಡುವೆ ಇಟ್ಟೆ. ಒಬ್ಬಳೂ ಕೈ ಹಾಕಲಿಲ್ಲ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಟೆಂಪೋ ತುಂಬ ಹರಡಿತ್ತು. ಹುಡುಗಿಯರು ಮಾತ್ರ ಹೊರಗಿನ ಗೋವಿನಜೋಳದ ಹೊಲಗಳನ್ನು ಜನ್ಮದಲ್ಲಿ ನೋಡಿಲ್ಲದವರಂತೆ ನೋಡುತ್ತಾ ಕೂತಿದ್ದರು.

"ಯಾಕ್ರೇ, ಬಾಯಿ ಹೊಲ್ಕೊಂಡ್ ಬಂದೀರೇನ?" ಎಂದೆ.

"ಆಮ್ಯಾಲ ತಿಂತೇವ್ರಿ ಅಕ್ಕೋರ," ಎಂದಳು ಕ್ಯಾಪ್ಟನ್. ನಮ್ಮ ಕಡೆ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ.

ಆಟದ ಅಂಜಿಕೆಗೆ ಹಸಿವು ಸತ್ತಿರಬೇಕು ಎಂದುಕೊಂಡು ಸುಮ್ಮನಾದೆ.

ಹಿರೇಬೆಂಡಿಗೇರಿಯ ಆಚೆಗಿನ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ನಾನು ಬಂದಾಗ ಅಲ್ಲಿ ಆಟದ ಪಿರಿಯಡ್ ಎಂದರೆ ಹುಡುಗರಿಗೆ ಚೆಂಡು, ಹುಡುಗಿಯರಿಗೆ ಕಸಬರಿಗೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲ ವಾರವೇ ಕಸಬರಿಗೆಗಳನ್ನು ಹುಡುಗರ ಕೈಗೆ ಕೊಟ್ಟು ಹುಡುಗಿಯರನ್ನು ಮೈದಾನಕ್ಕೆ ಇಳಿಸಿದೆ. ಇಳಿಸಿದ ಮೇಲೆ ಗೊತ್ತಾಯಿತು, ಅವರಿಗೆ ಓಡಲು ಮನಸ್ಸಿತ್ತು, ಮೈಯಲ್ಲಿ ತ್ರಾಣವಿರಲಿಲ್ಲ. ಒಂದು ಸುತ್ತು ಹಾಕುವಷ್ಟರಲ್ಲಿ ಎದೆ ಹಿಡಿದುಕೊಂಡು ಕೂತುಬಿಡುತ್ತಿದ್ದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣ ಬಳಿದಂತೆ ಬೆಳ್ಳಗೆ. ಬೆಳಿಗ್ಗೆ ಚಹಾ ಕುಡಿದು ಬರುವುದು, ಮಧ್ಯಾಹ್ನದ ಬಿಸಿಯೂಟದ ತನಕ ಅದರ ಮೇಲೆಯೇ ದಿನ ದೂಡುವುದು. ಮನೆಮನೆಗೆ ಹೋಗಿ ಅವ್ವಂದಿರ ಜೊತೆ ಜಗಳ ಆಡಿದೆ. ಚಹಾದ ಜೊತೆ ಅರ್ಧ ರೊಟ್ಟಿಯಾದರೂ ತಿನ್ನಿಸಿ ಕಳಿಸಿರೆಂದು ಗೋಗರೆದೆ. ವಾರದ ಕಬ್ಬಿಣಾಂಶದ ಗುಳಿಗೆಯನ್ನು ಎದುರಿಗೆ ನಿಂತು ನುಂಗಿಸಿದೆ, ನಾಲಿಗೆ ಹೊರಹಾಕಿಸಿ ನೋಡಿದೆ. ಹೀಗೆ ನಿಧಾನವಾಗಿ ಅವರ ಕಾಲಿಗೆ ಬಲ ಬಂತು. ಆ ವರ್ಷ ವಲಯ ಮಟ್ಟದಲ್ಲಿ ಗೆದ್ದಾಗ ನಾನು ಮೈದಾನದಲ್ಲೇ ಅತ್ತುಬಿಟ್ಟಿದ್ದೆ.

ತಾಲ್ಲೂಕು ಮಟ್ಟಕ್ಕೆ ಹೊರಡುವ ಮುಂಚೆ ಹೆಡ್ ಮಾಸ್ತರರು ನನ್ನನ್ನು ಕರೆದು ಒಂದೇ ಮಾತು ಹೇಳಿದ್ದರು. "ಅಕ್ಕೋರ, ಒಬ್ಬಾಕಿ ಬಿದ್ಲಂದ್ರ ಹೆಣ್ಮಕ್ಕಳ ಆಟ ಬಂದ್ ನೋಡ್ರಿ. ಊರ ಮಂದಿ ನನ್ನ ಬಿಡಂಗಿಲ್ಲ."

ಅದು ಬರಿ ಬೆದರಿಕೆಯಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಇಲ್ಲಿಗೆ ಬರುವ ಮುಂಚೆ ನಾನು ಹಿರೇಕೆರೂರು ತಾಲ್ಲೂಕಿನಲ್ಲಿದ್ದೆ, ದಿನಾ ಹಂಸಭಾವಿಯ ಬಸ್ಸು ಹತ್ತಿ ಹೋಗುತ್ತಿದ್ದೆ. ಅಲ್ಲಿ ಒಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಡುತ್ತಿದ್ದ ಹುಡುಗಿಯೊಬ್ಬಳು ಕಣ್ಣು ಕತ್ತಲೆ ಬಂದು ಬಿದ್ದಳು, ಹಣೆ ಕಲ್ಲಿಗೆ ಬಡಿಯಿತು. ಹೊಲಿಗೆ ಹಾಕಿಸಿದರು, ಗಾಯ ಬೇಗ ಮಾಯಿತು. ಆದರೆ ಹಿರಿಯರು ಕೂತು, ಓಟ ಹೆಣ್ಣುಮಕ್ಕಳಿಗೆ ಆಗಿಬರುವುದಿಲ್ಲ ಎಂದು ತೀರ್ಮಾನಿಸಿದರು. ಹಸಿವಿನ ಮಾತು ಯಾರೂ ಎತ್ತಲಿಲ್ಲ. ನನಗೆ ವರ್ಗವಾಗುವ ಹೊತ್ತಿಗೆ ಅಲ್ಲಿನ ಖೋಖೋ ಕಂಬಗಳಿಗೆ ಹಗ್ಗ ಕಟ್ಟಿ ಅಡುಗೆಮನೆಯ ಒರೆಸುವ ಬಟ್ಟೆ ಒಣಹಾಕುತ್ತಿದ್ದರು.

ಶಿಗ್ಗಾವಿಯಲ್ಲಿ ನಮ್ಮ ಹುಡುಗಿಯರು ಚೆನ್ನಾಗಿಯೇ ಆಡಿದರು. ಮೊದಲ ಪಂದ್ಯ ಸಲೀಸಾಗಿ ಗೆದ್ದರು. ಸೆಮಿಫೈನಲ್ ಮಾತ್ರ ಗುದ್ದಾಡಿ ಗೆಲ್ಲಬೇಕಾಯಿತು. ಕ್ಯಾಪ್ಟನ್ ಒಬ್ಬಳೇ ಕೊನೆಯಲ್ಲಿ ಎದುರಾಳಿಗಳನ್ನು ಮೈದಾನದ ಉದ್ದಕ್ಕೂ ಬೆನ್ನಟ್ಟಿ ಔಟ್ ಮಾಡಿದಳು. ಏಳನೆಯ ತರಗತಿಯ ಎತ್ತರದ ಹುಡುಗಿ, ಅವಳು ಕೈ ಚಾಚಿದರೆ ಕಂಬದ ಆಚೆ ಬದಿಯವರೂ ಸಿಕ್ಕುತ್ತಿದ್ದರು. ಅವಳ ಅಪ್ಪ "ಆಟ ಏಳನೇತ್ತೆ ಮುಗಿಯೂತನ ಅಷ್ಟ" ಎಂದು ಮೊದಲೇ ಹೇಳಿಬಿಟ್ಟಿದ್ದ. ಅಷ್ಟನ್ನಾದರೂ ಒಪ್ಪಿಸಿದ್ದು ಅವಳ ಅಜ್ಜಿ. ಹಿರಿಯ ಹೆಂಗಸೊಬ್ಬಳು ಜೊತೆಗಿಲ್ಲದಿದ್ದರೆ ಯಾರ ಮಗಳನ್ನೂ ಪರ ಊರಿಗೆ ಕಳಿಸುವುದಿಲ್ಲ ಎಂದು ಊರವರು ಹೇಳಿದಾಗ, ಇಳಕಲ್ ಸೀರೆ ಉಟ್ಟು ಟೆಂಪೋದ ಮುಂದಿನ ಸೀಟಿನಲ್ಲಿ ಕೂತವಳೂ ಅದೇ ಅಜ್ಜಿ. ಹುಡುಗಿಯರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಸೆಮಿಫೈನಲ್ ಮುಗಿದ ಮೇಲೆ ನಮ್ಮ ತಂಡದ ಎಲ್ಲರಿಗಿಂತ ಚಿಕ್ಕ ಹುಡುಗಿ ಕಾಂಪೌಂಡ್ ಗೋಡೆಯ ಹತ್ತಿರ ಹೋಗಿ ಬಗ್ಗಿ ನಿಂತಳು. ಹಿಂದೆಯೇ ಓಡಿಹೋಗಿ ಬೆನ್ನು ಸವರಿದೆ. ಅವಳು ಕಕ್ಕಿದ್ದು ಬರೀ ಹಳದಿ ನೀರು. ಅಗುಳೊಂದಿಲ್ಲ.

"ಮುಂಜಾನೆ ಏನ್ ತಿಂದೀ?"

ಹುಡುಗಿ ನನ್ನ ಮುಖ ನೋಡಲಿಲ್ಲ, ಹಿಂದೆ ಬಂದು ನಿಂತಿದ್ದ ಕ್ಯಾಪ್ಟನ್ ಮುಖ ನೋಡಿದಳು. ನಾನು ತಿರುಗಿ ಒಬ್ಬೊಬ್ಬಳನ್ನೂ ಕೇಳಿದೆ. ಎಲ್ಲರೂ ಕ್ಯಾಪ್ಟನ್ ಕಡೆಗೇ ನೋಡಿದರು.

"ಹರಕಿ ಹೊತ್ತೇವ್ರಿ," ಎಂದಳು ಅವಳು. "ಊರಾಗಿನ ಬಸವಣ್ಣಗ. ಗೆದ್ದು ಹೋಗಿ ಕಾಯಿ ಒಡಸೂತನ ಬರೀ ನೀರಿನ ಮ್ಯಾಲ."

ಶ್ರಾವಣ ಸೋಮವಾರದ ಉಪವಾಸ ನಮ್ಮ ಸೀಮೆಯಲ್ಲಿ ಹೊಸದಲ್ಲ. ನಾನೂ ಹಿಡಿಯುತ್ತೇನೆ, ಪಂದ್ಯದ ದಿನ ಈ ಮಕ್ಕಳು ಹಿಡಿದಾರೆಂದು ಮಾತ್ರ ಎಣಿಸಿರಲಿಲ್ಲ. ಅದರಲ್ಲಿ ಬಾಳೆಹಣ್ಣು ನಡೆಯುತ್ತದೆ, ಶೇಂಗಾ ನಡೆಯುತ್ತದೆ, ಸಾಬೂದಾಣಿ ಉಪ್ಪಿಟ್ಟಂತೂ ದಿನದ ಊಟಕ್ಕಿಂತ ರುಚಿ. ಈ ಹುಡುಗಿಯರದು ಅಂಥದ್ದಲ್ಲ. ಪಂದ್ಯ ಸೋಮವಾರವೇ ಬಿದ್ದಿದೆ ಎಂದು ಗೊತ್ತಾದ ದಿನ ಗುಡಿಯಲ್ಲಿ ಸೇರಿ, ಕಷ್ಟದ ಹರಕೆಗೆ ಫಲ ಹೆಚ್ಚೆಂದು ತಾವೇ ಲೆಕ್ಕ ಹಾಕಿ, ಹಣ್ಣೂ ಬೇಡ ಎಂದು ಮಾತಾಡಿಕೊಂಡಿದ್ದರು. ಹಿಂದಿನ ರಾತ್ರಿ ಉಂಡವರು ಆಮೇಲೆ ಏನನ್ನೂ ಬಾಯಿಗೆ ಹಾಕಿರಲಿಲ್ಲ. ಅರ್ಧ ರೊಟ್ಟಿಗಾಗಿ ನಾನು ಮನೆಮನೆಯಲ್ಲಿ ಆಡಿದ ಜಗಳವೆಲ್ಲ ಕಣ್ಣ ಮುಂದೆ ಬಂತು. ನನಗೆ ನಖಶಿಖಾಂತ ಉರಿಯಿತು.

"ನನಗ ಒಂದ್ ಮಾತು ಹೇಳಾಕ ಏನಾಗಿತ್ತು?"

"ಹೇಳಿದ್ರ ನೀವು ಬಿಡ್ತಿದ್ದಿಲ್ಲಲ್ರಿ."

ಅದು ನಿಜ. ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಅಂಪೈರ್ ಬಂದು, ಹಾನಗಲ್ಲಿನ ಕಡೆಯಿಂದ ಮೋಡ ಏರುತ್ತಿದೆ, ಮಳೆ ಬಂದರೆ ಅಂಕಣ ಕೆಸರಾಗುತ್ತದೆ, ಫೈನಲ್ ಈಗಲೇ ಆಡಿಸಿಬಿಡುತ್ತೇವೆ ಎಂದರು. ಗಾಳಿ ನಿಂತು ಮೈಯೆಲ್ಲ ಬೆವರು ಕಿತ್ತು ಬರುವಂಥ ಹೊತ್ತು. ಹುಡುಗಿಯರ ತುಟಿಗಳು ಒಣಗಿ ಬಿರಿದಿದ್ದವು. ಒಬ್ಬಳ ಕೈ ಹಿಡಿದೆ, ತಣ್ಣಗಿತ್ತು. ಹಣೆಯಿಂದ ರಕ್ತ ಇಳಿಯುತ್ತಿದ್ದ ಆ ಹಿಂದಿನ ಶಾಲೆಯ ಹುಡುಗಿಯ ಮುಖ ಎದುರಿಗೆ ಬಂದು ನಿಂತಿತು. ಇವರಲ್ಲಿ ಒಬ್ಬಳು ಬಿದ್ದರೂ ನಾಳೆಯಿಂದ ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳ ಕೈಗೆ ಮತ್ತೆ ಕಸಬರಿಗೆ.

ಗೇಟಿನ ಹೊರಗಿನ ಗಾಡಿಯಿಂದ ಬಾಳೆಹಣ್ಣು ತಂದು ಅವರ ಮುಂದೆ ಇಟ್ಟೆ. "ತಿಂದಾಕಿ ಆಡ್ತಾಳ. ತಿನ್ನದಾಕಿ ಕುಂದರ್ತಾಳ."

ಯಾರೂ ಅಲುಗಲಿಲ್ಲ. ಚಿಕ್ಕ ಹುಡುಗಿ ಹಣ್ಣನ್ನೇ ನೋಡುತ್ತಾ ಅಳಲು ಶುರು ಮಾಡಿದಳು. "ಹರಕಿ ಮುರಿದ್ರ ಸೋಲತೇವ್ರಿ," ಎಂದು ಬಿಕ್ಕಿದಳು.

ನಾನು ಆಯಿಯ ಕಡೆ ತಿರುಗಿದೆ. ಅವಳು ನೆರಳಿನಲ್ಲಿ ಕಾಲು ಚಾಚಿ ಕೂತಿದ್ದಳು. ಹರಕೆಯ ಸಂಗತಿ ಅವಳಿಗೆ ಗೊತ್ತಿತ್ತು ಎನ್ನುವುದು ಮುಖದಲ್ಲೇ ಕಾಣುತ್ತಿತ್ತು.

"ಆಯಿ, ನೀವಾದ್ರೂ ಹೇಳ್ರಿ ಇವ್ರಿಗೆ."

"ದೇವರಿಗೆ ಮಾತು ಕೊಟ್ಟಾವು. ನಾ ಹೆಂಗ ಬಿಡಸ್ಲೆವ್ವಾ?"

"ಬಿದ್ರಂದ್ರ?"

ಅವಳು ಗೋಡೆಯ ಹತ್ತಿರದ ಹಳದಿ ನೀರಿನ ಕಲೆಯನ್ನು ನೋಡಿದಳು. ಆಮೇಲೆ ನನ್ನನ್ನು ನೆಟ್ಟಗೆ ನೋಡಿ ಕೇಳಿದಳು, "ಖರೇನ ಬೀಳ್ತಾವೇನ?"

ಬಿದ್ದೇ ಬೀಳುತ್ತಾರೆ ಎಂದು ಹೇಳಿದ್ದರೆ ಕೆಲಸ ಸುಲಭವಾಗುತ್ತಿತ್ತು. ಬಾಯಿ ಬರಲಿಲ್ಲ. "ಗೊತ್ತಿಲ್ರಿ ಆಯಿ. ಬೀಳದನೂ ಇರಬಹುದು. ಆದ್ರ ನೋಡೂಣು ಅಂತ ನಾ ಓಡಸಂಗಿಲ್ಲ."

ಆಯಿ ಕೈ ಊರಿ ಎದ್ದು ಬಂದು ಒಂದು ಬಾಳೆಹಣ್ಣು ತೆಗೆದುಕೊಂಡು ಸುಲಿದಳು. "ನಂದೂ ಬರೀ ನೀರಿನ ಮ್ಯಾಲ ಐತಿ. ನಾ ಮೊದಲ ಮುರೀತೇನಿ. ಬಸವಣ್ಣಗ ತಪ್ಪು ಕಾಣಿಕಿ ನಾ ಕಟ್ತೇನಿ, ಎಲ್ಲಾರದೂ." ಹೇಳಿ, ಎಲ್ಲರ ಎದುರಿಗೇ ತಿಂದಳು. ಅವಳ ದವಡೆ ಅಗಿಯುವುದನ್ನು ಹುಡುಗಿಯರು ಕಣ್ಣರಳಿಸಿ ನೋಡುತ್ತಿದ್ದರು. ಎಪ್ಪತ್ತು ದಾಟಿದ ಆ ಹೆಂಗಸಿನ ಕಾಲಿಗೆ ಅಲ್ಲೇ ಬೀಳಬೇಕು ಅನಿಸಿತು ನನಗೆ. ಚಿಕ್ಕ ಹುಡುಗಿ ಮೊದಲು ಕೈ ಚಾಚಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತೆಗೆದುಕೊಂಡರು. ಸಕ್ಕರೆ ಉಪ್ಪು ಕಲಸಿದ ನೀರನ್ನು ನಾನೇ ಕುಡಿಸಿದೆ.

ಕ್ಯಾಪ್ಟನ್ ಮಾತ್ರ ಮುಟ್ಟಲಿಲ್ಲ.

"ಎಲ್ಲಾರೂ ಮುರಿದ್ರ ನಾಳೆ ದೇವರ ಮುಂದ ಹೆಂಗ ನಿಂದರೂದ್ರಿ? ನಾ ಒಬ್ಬಾಕಿ ಹಿಡೀತೇನಿ. ಅವ್ರದೂ ಸೇರಿಸಿ."

"ಹುಚ್ಚಿ, ಹಟ ಮಾಡಬ್ಯಾಡ. ನಾ ತಿಂದಿಲ್ಲೇನ?" ಎಂದಳು ಆಯಿ.

"ನೀ ಆಡಾಕ ಬಂದಿಲ್ಲಲ್ಲ ಆಯಿ."

ನಾನು ಬೈದೆ, ರಮಿಸಿದೆ, ಕೊನೆಗೆ ಕೈ ಜೋಡಿಸಿದೆ. ಅಂಪೈರ್ ಎರಡನೆಯ ಸಲ ಸೀಟಿ ಊದಿದರು. ಅವಳು ನನ್ನನ್ನು ನೋಡುತ್ತಾ ನಿಂತಿದ್ದಳು, ಕಡೆಗೆ ಅಕ್ಕೋರು ಬಿಟ್ಟೇ ಬಿಡುತ್ತಾರೆ ಎಂಬ ನಂಬಿಕೆ ಅವಳ ಕಣ್ಣಿನಲ್ಲಿತ್ತು. ಫೈನಲ್‌ಗೆ ಅವಳಿಲ್ಲದೆ ಇಳಿಯುವ ಹುಚ್ಚು ಯಾರಿಗಿರುತ್ತದೆ?

"ನಂಬರ್ ಬಿಚ್ಚು," ಎಂದೆ.

ಎದೆಗೆ ಕಟ್ಟಿದ್ದ ನಂಬರಿನ ಬಟ್ಟೆಯನ್ನು ಬಿಚ್ಚಿ ಮಡಚಿ ನನ್ನ ಕೈಗೆ ಕೊಟ್ಟಳು. ಅಳಲಿಲ್ಲ. ಅತ್ತಿದ್ದರೆ ನಾನು ಸೋತುಬಿಡುತ್ತಿದ್ದೆನೋ ಏನೋ.

ಆ ಪಂದ್ಯವನ್ನು ನಾನು ಸರಿಯಾಗಿ ನೋಡಲೇ ಇಲ್ಲ. ಕಣ್ಣೆಲ್ಲ ಹಗ್ಗದ ಆಚೆ ನಿಂತಿದ್ದ ಅವಳ ಮೇಲೆ. ಕೂತುಕೋ ಎಂದು ಹೇಳಿ ಕಳಿಸಿದರೂ ಕೂರಲಿಲ್ಲ. ಕೈ ಕಟ್ಟಿ ನೆಟ್ಟಗೆ ನಿಂತು, ಗಂಟಲು ಹರಿಯುವಂತೆ ಖೋ ಖೋ ಎಂದು ಕೂಗುತ್ತಿದ್ದಳು. ಒಮ್ಮೆ, ಒಂದೇ ಒಂದು ಸಲ ಅವಳ ಮೊಣಕಾಲು ತುಸು ಸಡಿಲಾಗಲಿ, ಪಕ್ಕದ ಕಂಬ ಹಿಡಿದುಕೊಳ್ಳಲಿ ಎಂದು ನನ್ನ ಮನಸ್ಸು ಬಯಸಿತು. ಮಗುವಿನ ಬಗ್ಗೆ ಹಾಗೆ ಬಯಸಿದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು. ಆದರೂ ನೋಡುತ್ತಲೇ ಇದ್ದೆ. ಅವಳು ಅಲುಗಲಿಲ್ಲ.

ಬಾಳೆಹಣ್ಣು ತಿಂದ ಹುಡುಗಿಯರು ಜೀವ ಬಿಟ್ಟು ಆಡಿದರು. ಕೊನೆಯ ಸರದಿ ಮುಗಿಯುತ್ತಾ ಬಂದಾಗ ಎದುರಾಳಿಗಳು ಒಂದೇ ಒಂದು ಅಂಕದಿಂದ ಮುಂದಿದ್ದರು. ಅವರ ಒಬ್ಬ ಆಟಗಾರ್ತಿ ಕಂಬದ ಹತ್ತಿರ ಸಿಕ್ಕಿಬಿದ್ದಳು. ಬೆನ್ನಟ್ಟುತ್ತಿದ್ದದ್ದು ನಮ್ಮ ಚಿಕ್ಕ ಹುಡುಗಿ. ಕಂಬ ಹಿಡಿದು ಮೈಯೆಲ್ಲ ಚಾಚಿದಳು. ಬೆರಳು ಗಾಳಿಯಲ್ಲಿ ಆಡಿತು, ಬೆನ್ನಿಗೆ ತಾಗಲಿಲ್ಲ. ಸೀಟಿ ಬಿತ್ತು. ಕ್ಯಾಪ್ಟನ್ ಕೈಯಾಗಿದ್ದರೆ ತಾಗುತ್ತಿತ್ತು.

ಫೋನಿನಲ್ಲಿ ಹೆಡ್ ಮಾಸ್ತರರು ಕೇಳಿದ್ದು ಒಂದೇ ಪ್ರಶ್ನೆ. "ಯಾರಿಗೂ ಏನೂ ಆಗ್ಲಿಲ್ಲ ಹೌದಲ್ರಿ?" ಏನೂ ಆಗಲಿಲ್ಲ ಎಂದೆ. "ಹಂಗಾರ ಸಾಕು ಬಿಡ್ರಿ. ನಾಳೆಯಿಂದ ಪ್ರ್ಯಾಕ್ಟೀಸ್ ಮಾಡಸ್ರಿ," ಎಂದರು. ಆ ಮಾತಿಗೆ ನನಗೆ ಖುಷಿಯಾಗಬೇಕಿತ್ತು. ನಾನು ಉಳಿಸಬೇಕೆಂದಿದ್ದು ಆ ಆಟವನ್ನೇ. ಮಳೆ ಹಿಡಿದುಕೊಂಡಿತ್ತು, ಟೆಂಪೋದ ತಾಡಪತ್ರಿಯಿಂದ ನೀರು ಸೋರುತ್ತಿತ್ತು. ದಾರಿಯುದ್ದಕ್ಕೂ ಹುಡುಗಿಯರು ನನ್ನೊಡನೆ ಮಾತಾಡಲಿಲ್ಲ. ಯಾರೂ ಬೀಳಲಿಲ್ಲವಾದ್ದರಿಂದ ನಾನು ಮಾಡಿದ್ದು ಸರಿ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಬಿದ್ದಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು.

ಊರಿಗೆ ಬಂದವರೇ ಗುಡಿಗೆ ಹೋದೆವು. ಆಯಿ ತಪ್ಪು ಕಾಣಿಕೆ ಇಟ್ಟು ಕೈಮುಗಿದಳು. ಪೂಜಾರಿ ಕಾಯಿ ಒಡೆದು ಹೋಳು ಹಂಚಿದರು. ಕ್ಯಾಪ್ಟನ್ ಅದನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಅವಳು ಅದನ್ನು ನುಂಗುವ ತನಕ ನಾನು ನೋಡುತ್ತಲೇ ಇದ್ದೆ. ಆಮೇಲೆ ಅವಳು ಗುಡಿಯ ಕಟ್ಟೆ ಇಳಿದು ನೇರ ನನ್ನ ಹತ್ತಿರ ಬಂದಳು.

"ಅಕ್ಕೋರ, ನಾ ಬಿದ್ನೇನ್ರಿ?"

"ಇಲ್ಲವಾ."

"ಮತ್ತ ಯಾಕ ಕುಂದ್ರಿಸಿದ್ರಿ?"

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವಳಿಗೆ. ಆಯಿ ಊಟಕ್ಕೆ ಕರೆಯುವ ತನಕ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.