ನಾನು ಸಹಿ ಹಾಕದ ಭುಜ

ಹ್ಯೂಸ್ಟನ್ನಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ಒಮ್ಮೆ ನಿಕರಾಗುವಾ ದೇಶದ ಬೇಸ್‌ಬಾಲ್ ಆಟಗಾರನೊಬ್ಬ ಬಂದ. ಚೆಂಡು ಎಸೆಯುವುದೇ ಅವನ ವೃತ್ತಿ. ಭುಜದ ಪೆಟ್ಟು ಇನ್ನೂ ಮಾಗಿರಲಿಲ್ಲ. ಆದರೂ ಅಮೆರಿಕದಲ್ಲೇ ನಡೆಯಲಿದ್ದ ಟೂರ್ನಿಯಲ್ಲಿ ತನ್ನ ದೇಶದ ಪರವಾಗಿ ಆಡಲು ಅವನಿಗೆ ನನ್ನ ಸಹಿ ಬೇಕಿತ್ತು.

"ಆಗಲ್ಲ," ಅಂದೆ.

"ಇಲ್ಲಿಗೆ ಬರೋಕೆ ವೀಸಾ ಸಿಗದೆ ಅಮ್ಮ ಇಲ್ಲಿ ನನ್ನ ಆಟ ನೋಡೇ ಇಲ್ಲ, ಮೇಡಂ. ಈ ಸಲ ಸಿಕ್ಕಿದೆ."

"ಈಗ ಎಸೆದರೆ ಮುಂದೆಂದೂ ಎಸೆಯೋಕೆ ಆಗದೇ ಹೋಗಬಹುದು."

ಅವನ ಕಣ್ಣು ತುಂಬಿತು. ನನಗೂ ಸಂಕಟವಾಯಿತು. ಆದರೂ "ಚೆಂಡು ಎಸೆಯಕೂಡದು" ಎಂದೇ ಬರೆದುಕೊಟ್ಟೆ.

"ತಂಡದ ಜೊತೆ ಕೂತಿರಬಹುದಾ?"

"ಧಾರಾಳವಾಗಿ."

ಪಂದ್ಯದ ದಿನ ಟಿವಿ ಹಾಕಿದೆ. ತಂಡ ಗೆದ್ದಾಗ ಅವನು ಬೆಂಚಿನ ಮೇಲೆ ಹತ್ತಿ, ಅಮ್ಮನಿಗೆ ಕಾಣಲೆಂದೋ ಏನೋ, ಅದೇ ನೋವಿನ ಕೈಯಲ್ಲಿ ಇಷ್ಟು ದೊಡ್ಡ ಬಾವುಟ ಬೀಸುತ್ತಿದ್ದ. ನಿಜ, ಬಾವುಟದ ಬಗ್ಗೆ ನಾನೇನೂ ಬರೆದಿರಲಿಲ್ಲ.