ಚಂದ್ರಿಯ ಗೊರಸಿನೊಳಗೆ ಇದ್ದದ್ದು

ಎರಡು ವರ್ಷಗಳ ಹಿಂದಿನ ಮಾತು. ದೀಪಾವಳಿ ಮುಗಿದಿದ್ದರೂ ಪುಣೆಯಲ್ಲಿ ಮಳೆ ಬಿಟ್ಟಿರಲಿಲ್ಲ. ನಾನು ತುಮಕೂರಿನವಳು, ಇಲ್ಲಿನ ಹಡಪಸರದ ಒಂದು ಸಣ್ಣ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ಡಾಕ್ಟರಲ್ಲ. ಆದರೂ ನಮ್ಮ ಗಲ್ಲಿಯಲ್ಲಿ ಯಾರ ಕಾಲು ಉಳುಕಿದರೂ ಮೊದಲು ನನ್ನನ್ನೇ ಕೇಳುತ್ತಿದ್ದರು. ನನಗೂ ಅದು ಒಳಗೊಳಗೇ ಹೆಮ್ಮೆ.

ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಶರಣಮ್ಮ, ಅವಳ ಗಂಡ ಮಲ್ಲಪ್ಪ ಇದ್ದರು. ಮಲ್ಲಪ್ಪ ಗಾರೆ ಕೆಲಸದವನು. ಶರಣಮ್ಮ ಒಂದು ಬಿಳಿ ಹೆಣ್ಣುಕುದುರೆ ಸಾಕಿದ್ದಳು. ಹೆಸರು ಚಂದ್ರಿ. ಮದುವೆ ಮೆರವಣಿಗೆಯಲ್ಲಿ ವರನನ್ನು ಕೂರಿಸುವ ಕುದುರೆ. ಹಗ್ಗ ಹಿಡಿದು ಮುಂದೆ ನಡೆಯುವವಳು ಶರಣಮ್ಮನೇ. ಬ್ಯಾಂಡಿನವರು ಮೊದಮೊದಲು ಅವಳನ್ನು ನೋಡಿ ನಗುತ್ತಿದ್ದರಂತೆ, ಆಮೇಲೆ ಅವರೇ ಕರೆಯತೊಡಗಿದರಂತೆ.

ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟಿದ್ದಾಗ ಅವಳು ಓಡಿಬಂದಳು.

"ಅಕ್ಕಾರ, ಲಗೂನ ಬರ್ರಿ. ಚಂದ್ರಿ ಕಾಲು ಊರವಲ್ದು."

ಹೋಗಿ ನೋಡಿದೆ. ಚಂದ್ರಿ ಮುಂದಿನ ಬಲಗಾಲನ್ನು ಎತ್ತಿ ಹಿಡಿದು ಮೂರೇ ಕಾಲ ಮೇಲೆ ನಿಂತಿತ್ತು. ಮೈಯೆಲ್ಲ ಬೆವರಿ ನಡುಗುತ್ತಿತ್ತು.

"ನಿನ್ನೆ ಸಂಜಿ ತನಕ ನೆಟ್ಟಗ ನಡದಾಳ್ರಿ. ನಿಮ್ಮ ಮಷೀನಿನ್ಯಾಗ ಕಾಲಿಂದು ಒಂದು ಫೋಟೊ ತೆಗೀತೀರೇನ್ರಿ?"

"ನಮ್ಮ ಟೇಬಲ್ ಮೇಲೆ ಕುದುರೆ ಹತ್ತುತ್ತಾ ಶರಣಮ್ಮ?" ಎಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. "ಫೋಟೊ ಬೇಕಾಗೇ ಇಲ್ಲ, ನೋಡಿದ್ರೇ ಗೊತ್ತಾಗುತ್ತೆ. ಮೂಳೆ ಮುರಿದಿದೆ" ಎಂದುಬಿಟ್ಟೆ.

ಮೂಳೆ ಮುರಿದವರು ಕಾಲೂರಲಾರದೆ ಬರುವುದನ್ನು ದಿನವೂ ನೋಡುವವಳು ನಾನು. ಇದೂ ಹಾಗೇ ಎಂದುಕೊಂಡೆ. ಆ ಕಾಲನ್ನು ಒಮ್ಮೆ ಮುಟ್ಟಿಯೂ ನೋಡಿರಲಿಲ್ಲ.

ಮಲ್ಲಪ್ಪ ಯಾರಿಗೋ ಫೋನ್ ಮಾಡಿದ. ಕಾಲು ಮುರಿದ ಕುದುರೆಗಳನ್ನು ಕೊಳ್ಳುವ ವ್ಯಾಪಾರಿಯಂತೆ, ಮಧ್ಯಾಹ್ನ ಎರಡು ಗಂಟೆಗೆ ಟೆಂಪೊ ತರುತ್ತಾನಂತೆ. ಎಲ್ಲಿಗೆ ಒಯ್ಯುತ್ತಾನೆ ಎಂದು ಯಾರೂ ಕೇಳಲಿಲ್ಲ. ಶರಣಮ್ಮ ಕುದುರೆಯ ಕತ್ತಿಗೆ ಮುಖವಿಟ್ಟು ನಿಂತಳು. ನಾನು ಡ್ಯೂಟಿಗೆ ಹೋದೆ.

ಹನ್ನೊಂದರ ಹೊತ್ತಿಗೆ ಐವತ್ತರ ಆಸುಪಾಸಿನ ಒಬ್ಬ ಮರಾಠಿ ಹೆಂಗಸು ಬಂದರು. ಎಡಗೈ ಮಣಿಕಟ್ಟು ಊದಿತ್ತು. ಹೇಗಾಯಿತು ಎಂದು ಕೇಳಿದೆ. "ಎಮ್ಮೆಗೆ ಇಂಜೆಕ್ಷನ್ ಕೊಡುವಾಗ ಅದು ಕಂಬಕ್ಕೆ ಒತ್ತಿಬಿಟ್ಟಿತು" ಎಂದರು. ಅವರು ಪಶುವೈದ್ಯೆ. ಮೂಳೆಗೆ ಏನೂ ಆಗಿರಲಿಲ್ಲ, ನಮ್ಮ ಡಾಕ್ಟರು ಪಟ್ಟಿ ಸುತ್ತಿ ಕಳಿಸಿದರು. ಅವರು ಹೊರಟಾಗ ನನಗೆ ತಡೆಯಲಾಗಲಿಲ್ಲ, ಚಂದ್ರಿಯ ವಿಷಯ ಹೇಳಿದೆ.

"ಗೊರಸು ಬಿಸಿ ಇತ್ತಾ?" ಎಂದು ಮರಾಠಿಯಲ್ಲಿ ಕೇಳಿದರು.

"ಗೊತ್ತಿಲ್ಲ."

"ಗೊರಸಿನ ತಳ ಯಾರಾದರೂ ನೋಡಿದರಾ?"

"ಇಲ್ಲ."

"ಮತ್ತೆ ಮುರಿದಿದೆ ಅಂತ ಯಾರು ಹೇಳಿದ್ದು?"

"ನಾನೇ."

ಅವರು ನಗಲಿಲ್ಲ. "ನಡೆಯಿರಿ, ನೋಡೋಣ" ಎಂದರು. ನಾನು ಅರ್ಧ ದಿನ ರಜೆ ಹಾಕಿ ಅವರೊಂದಿಗೆ ಆಟೊ ಹತ್ತಿದೆ. ದಾರಿಯಲ್ಲಿ ಅವರ ದವಾಖಾನೆಯ ಮುಂದೆ ನಿಲ್ಲಿಸಿ ಔಷಧಿ, ಸಾಮಾನಿನ ಚೀಲ ತೆಗೆದುಕೊಂಡೆವು.

ಶೆಡ್ಡಿನಲ್ಲಿ ಅವರು ಚಂದ್ರಿಯ ಭುಜದಿಂದ ಕೆಳಕ್ಕೆ ನಿಧಾನವಾಗಿ ಕೈಯಾಡಿಸಿದರು. ಗೊರಸಿನ ಸ್ವಲ್ಪ ಮೇಲೆ, ಹಿಂಬದಿಯಲ್ಲಿ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. "ನೀವೂ ಇಡಿ" ಎಂದರು. ಇಟ್ಟೆ. ಒಳಗೆ ನಾಡಿ ಧಬಧಬ ಹೊಡೆಯುತ್ತಿತ್ತು. ಇನ್ನೊಂದು ಕಾಲಿನಲ್ಲಿ ಅದೇ ನಾಡಿಯನ್ನು ಹುಡುಕಲೂ ಕಷ್ಟವಾಯಿತು. ನೋವಿದ್ದ ಕಾಲಿನ ಗೊರಸು ಚಹಾ ಲೋಟದಷ್ಟು ಬಿಸಿಯಿತ್ತು. ಮುಂಜಾನೆ ಇಷ್ಟೇ ಮಾಡಿದ್ದರೆ ಸಾಕಿತ್ತು ಎನಿಸಿ ಮುಖ ಸುಟ್ಟಂತಾಯಿತು.

ಅವರು ಹೇಳಿಕೊಟ್ಟಂತೆ ಮಲ್ಲಪ್ಪ ಮೊಳೆ ಕಿತ್ತು ಲಾಳ ತೆಗೆದ. ಆಮೇಲೆ ಉದ್ದ ಹಿಡಿಯ ಇಕ್ಕಳದಿಂದ ಗೊರಸಿನ ಅಂಚನ್ನು ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋದ. ಒಂದು ಕಡೆ ಒತ್ತಿದ್ದೇ ಚಂದ್ರಿ ಕಾಲು ಕಿತ್ತುಕೊಂಡಿತು.

"ಹಾಡ ನಾಹೀ ತುಟಲಂ" ಎಂದರು ಡಾಕ್ಟರು. ಮೂಳೆ ಮುರಿದಿಲ್ಲ. ಒಳಗೆ ಕೀವು ತುಂಬಿದೆ, ಗೊರಸು ಗಟ್ಟಿ, ಹೊರಬರಲು ದಾರಿಯಿಲ್ಲ. "ನಿಮ್ಮ ಉಗುರಿನ ಕೆಳಗೆ ಕೀವಾದರೆ ಹೇಗಿರುತ್ತೆ? ಅದರ ಮೇಲೆ ಇಡೀ ಕುದುರೆಯ ಭಾರ ಬಿದ್ದರೆ?"

ಅವರ ಎಡಗೈಗೆ ಪಟ್ಟಿ, ಕೆಲಸಕ್ಕೆ ಇದ್ದದ್ದು ಒಂದೇ ಕೈ. ಕಾಲು ಎತ್ತಿ ಹಿಡಿಯಲು ಇನ್ನೊಬ್ಬರು ಬೇಕಿತ್ತು. ಶರಣಮ್ಮ ತಲೆಯ ಹತ್ತಿರ ಹಗ್ಗ ಹಿಡಿದಿದ್ದಳು. ಅಷ್ಟರಲ್ಲಿ ಟೆಂಪೊ ಬಂದ ಸದ್ದು ಕೇಳಿ ಮಲ್ಲಪ್ಪ ಹೊರಗೆ ಓಡಿದ. ಉಳಿದವಳು ನಾನು. ಚಂದ್ರಿಯ ಕಾಲನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಬಗ್ಗಿದೆ. ರೋಗಿಗಳಿಗೆ ಹೇಳಿ ಹೇಳಿ ಬಾಯಿಗೆ ಅಂಟಿದ ಮಾತು ತಾನಾಗಿ ಬಂತು: "ಅಲ್ಲಾಡಬೇಡ. ಆಯ್ತು, ಆಯ್ತು, ಅಲ್ಲಾಡಬೇಡ."

ಬಾಗಿದ ಸಣ್ಣ ಚಾಕುವಿನಿಂದ ಡಾಕ್ಟರು ಗೊರಸಿನ ತಳವನ್ನು ಹೆರೆದರು. ಒಂದು ಕಪ್ಪು ಗೆರೆ ಕಂಡಿತು. ಅದನ್ನೇ ಹಿಡಿದು ಇನ್ನಷ್ಟು ಒಳಗೆ ಹೋದರು. ನನಗೆ ಸೊಂಟದ ನೋವೂ ಮರೆತುಹೋಗಿ ಆ ಗೆರೆ ಎಲ್ಲಿಗೆ ಹೋಗುತ್ತದೆ ಎಂದು ನೋಡುವುದೇ ಆಯಿತು. ಥಟ್ಟನೆ ಕಪ್ಪು ನೀರಿನಂಥ ಕೀವು ಚಿಮ್ಮಿ ನನ್ನ ಚೂಡಿದಾರದ ಮೇಲೆ ಬಿತ್ತು. ಕೊಳೆತ ಮೊಟ್ಟೆಯ ವಾಸನೆ. ನಾನು ಕಾಲು ಬಿಡಲಿಲ್ಲ.

"ಏನಾತ್ರಿ?" ಎಂದು ಶರಣಮ್ಮ ಕೂಗಿದಳು.

ಚಂದ್ರಿ ಉದ್ದಕ್ಕೆ ಉಸಿರುಬಿಟ್ಟು ತಲೆ ತಗ್ಗಿಸಿತು. ಕಾಲನ್ನು ಮೆಲ್ಲಗೆ ಕೆಳಗಿಟ್ಟೆ. ಮೊದಲು ಗೊರಸಿನ ತುದಿ ತಾಗಿಸಿತು. ಸ್ವಲ್ಪ ಹೊತ್ತಿನ ಮೇಲೆ ಇಡೀ ಪಾದ ಊರಿತು. ಶರಣಮ್ಮ ಅಲ್ಲೇ ಕೂತು ಅತ್ತಳು. ಬಾಗಿಲಲ್ಲಿ ನಿಂತಿದ್ದ ವ್ಯಾಪಾರಿ ನಾಲ್ಕು ಕಾಲನ್ನೂ ನೋಡಿ ಟೆಂಪೊ ತಿರುಗಿಸಿದ.

ಕೀವು ಹೇಗಾಯಿತು ಎಂದು ಕೇಳಿದೆ. ಮಳೆಯಲ್ಲಿ ಮೆತ್ತಗಾದ ಗೊರಸಿನೊಳಗೆ ಮರಳಿನ ಒಂದು ಕಣ ಹೊಕ್ಕರೂ ಸಾಕು ಎಂದರು. ಟೆಟನಸ್ ಇಂಜೆಕ್ಷನ್ ಅವರೇ ಕೊಟ್ಟರು. ಉಪ್ಪು ಬೆರೆಸಿದ ಬಿಸಿನೀರಲ್ಲಿ ದಿನವೂ ಕಾಲು ನೆನೆಸಿ, ಹೆರೆದ ಜಾಗಕ್ಕೆ ಹತ್ತಿ ಇಟ್ಟು, ಕೊಳೆ ಹೋಗದಂತೆ ಮೇಲೆ ಮಗುವಿನ ಡಯಾಪರ್ ಕಟ್ಟಿ ಅಗಲವಾದ ಟೇಪ್ ಸುತ್ತಬೇಕೆಂದರು. ಮೆಡಿಕಲ್ ಅಂಗಡಿಯವನು "ಮಗುವಿಗೆ ಎಷ್ಟು ತಿಂಗಳು?" ಎಂದು ಕೇಳಿದ. "ಏಳು ವರ್ಷ" ಎಂದೆ.

ಎಷ್ಟೋ ದಿನ ನಾನೇ ಹೋಗಿ ಡಯಾಪರ್ ಬದಲಿಸಿದೆ. ತುಳಸಿ ಮದುವೆ ಮುಗಿದು ಮೆರವಣಿಗೆಗಳು ಶುರುವಾದಾಗ ಚಂದ್ರಿ ಹೊಸ ಲಾಳ ಹೊಡೆಸಿಕೊಂಡು ಹೊರಟಿತು. ಅವತ್ತು ಶರಣಮ್ಮನಿಗೆ ಹೇಳಿದೆ: "ನನ್ನ ಮಾತು ನಂಬಿ ನೀವು ಚಂದ್ರಿಯನ್ನ ಕಳಕೊಳ್ತಿದ್ರಿ. ತಪ್ಪಾಯ್ತು."

ಅವಳು ಹಗ್ಗ ಸರಿಮಾಡಿಕೊಳ್ಳುತ್ತಾ ಹೇಳಿದಳು: "ನೀವೇನು ಸುಳ್ಳು ಹೇಳಿದ್ರೇನ್ರಿ ಅಕ್ಕಾರ? ತಿಳೀಲಾರದ ಹೇಳಿದ್ರಿ, ಅಷ್ಟ. ಆದ್ರ ಮುಟ್ಟಿ ನೋಡಿ ಹೇಳಬೇಕಿತ್ರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಇಷ್ಟು ಹೊತ್ತಿಗೆ ಮರೆತೇ ಬಿಡುತ್ತಿದ್ದೆನೇನೋ.